ಹೂಳು ಇರುವುದು ಏರಿ ಬದಿ, ಬಗೆದದ್ದು ಮೇಲ್ತುದಿ

ಮಾನ್ಯ ಸಂಪಾದಕರೇ,

ನಮ್ಮ ಕೆರೆಯ ಹೂಳೆತ್ತುವ ಕಾಮಗಾರಿ ಭರದಿಂದ ಸಾಗಿದೆ ಎಂದು ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಮೈ ಉರಿದುಹೋಯಿತು. ಜತೆಗೆ ಹಾಕಿದ ಫೋಟೊದಲ್ಲಿ ಜೆಸಿಬಿ ಎಲ್ಲಿ ನಿಂತಿದೆ, ಒಮ್ಮೆ ನೋಡಿ. ಏರಿ ಬದಿಯಲ್ಲಲ್ಲ, ತೂಬಿನ ಹತ್ತಿರವೂ ಅಲ್ಲ. ಕಾಲುವೆ ನೀರು ಬಂದು ಹರಡಿಕೊಳ್ಳುವ ಮೇಲ್ತುದಿಯ ತೆಳುನೀರಿನಲ್ಲಿ. ಹಕ್ಕಿಗಳು ಮೇಯುವುದು ಅಲ್ಲೇ, ಇಡೀ ಕೆರೆಯಲ್ಲಿ ಮುಟ್ಟಬಾರದ ಜಾಗ ಅದೊಂದೇ ಇತ್ತು. ಅದನ್ನೇ ಮೊದಲು ಬಗೆದಿದ್ದಾರೆ, ಅದೂ ಮಾರ್ಚ್‌ನಲ್ಲಿ.

ಹಳ್ಳಕ್ಕೆ ಅಡ್ಡ ಏರಿ ಕಟ್ಟಿ ಮಾಡಿದ ಕೆರೆಗೆ ಏರಿಯ ಬದಿಯಲ್ಲಷ್ಟೇ ಆಳ. ಹಿಂದಕ್ಕೆ ಹೋದಂತೆ ನೆಲ ಗೊತ್ತೇ ಆಗದಷ್ಟು ನಿಧಾನವಾಗಿ ಏರುತ್ತಾ ಹೊಲಕ್ಕೆ ಸೇರುತ್ತದೆ. ನೂರು ಮೀಟರಿಗೆ ಒಂದು ಮೀಟರ್ ಏರುವ ಕಡೆ ನೀರು ಒಂದು ಸೆಂಟಿಮೀಟರ್ ಇಳಿದರೆ ಒಂದು ಮೀಟರ್ ಅಗಲದ ಹಸಿ ಕೆಸರು ತೆರೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೇ ದಿನಕ್ಕೆ ಅರ್ಧ ಸೆಂಟಿಮೀಟರಿಗೂ ಹೆಚ್ಚು ನೀರು ಆರುತ್ತದೆ. ಅಂದರೆ ದಿನಾ ಬೆಳಗಾದರೆ ಅರ್ಧ ಮೀಟರ್ ಹೊಸ ಕೆಸರು, ಅದರೊಳಗೆ ಯಾವ ಕೊಕ್ಕೂ ಇನ್ನೂ ತಾಗದ ಹುಳು. ಕೆಸರು ಕೆದಕಿ ಮೇಯುವ ಗೊರವ ಹಕ್ಕಿಗಳು ನೀರಂಚಿನ ಜತೆಗೇ ದಿನದಿನಕ್ಕೂ ಕೆಳಗೆ ಸರಿಯುತ್ತಾ ಮೇಯುವುದು ಇದಕ್ಕೇ. ಈಗ ಅಲ್ಲಿ ಎರಡು ಮೀಟರ್ ಅಗೆದು, ಸುತ್ತಲೂ ಏರಿ ಹಾಕಿ, ಒಂದು ಮೀಟರ್ ಏರಿಕೆಗೆ ಒಂದೂವರೆ ಮೀಟರ್ ಅಗಲದ ಕಡಿದಾದ ಇಳಿಜಾರಿನಲ್ಲಿ ಕಲ್ಲು ಜೋಡಿಸುತ್ತಿದ್ದಾರೆ. ಇನ್ನು ಒಂದು ಸೆಂಟಿಮೀಟರ್ ನೀರು ಇಳಿದರೆ ತೆರೆದುಕೊಳ್ಳುವುದು ಒಂದೂವರೆ ಸೆಂಟಿಮೀಟರ್ ಅಗಲದ ಕಲ್ಲು.

ಹಕ್ಕಿಯ ಕಾಲು ಎಷ್ಟುದ್ದವೋ ಅದರ ಕೆರೆಯೂ ಅಷ್ಟೇ ಆಳ. ಲಿಟಲ್ ಸ್ಟಿಂಟ್ ಎಂಬ ಪುಟ್ಟ ವಲಸೆ ಹಕ್ಕಿಗೆ ಎರಡು ಸೆಂಟಿಮೀಟರ್ ನೀರೇ ಹೆಚ್ಚು. ಗದ್ದೆ ಗೊರವಕ್ಕೆ ಐದು, ಮೆಟ್ಟುಗಾಲು ಹಕ್ಕಿಗೆ ಹದಿನೈದು ಇಪ್ಪತ್ತು. ಚುಕ್ಕೆ ಬಾತು ಬಾಲ ಮೇಲೆ ಮಾಡಿ ಕತ್ತು ಚಾಚಿದರೂ ತಳ ಸಿಗಬೇಕಲ್ಲ? ಎರಡು ಮೀಟರ್ ನೀರಿನಲ್ಲಿ ನೀರುಕಾಗೆ, ಗುಳುಮುಳುಕ, ಹೆಜ್ಜಾರ್ಲೆ ಇರಬಹುದು. ಉಳಿದವು ಹಸಿವಿನಿಂದ ಎದ್ದು ಹೋಗಬೇಕು.

‘ಹಕ್ಕಿಗಳು ಬೇರೆ ಕೆರೆಗೆ ಹೋಗುತ್ತವೆ, ಕೆಲಸ ಮುಗಿದ ಮೇಲೆ ಬರುತ್ತವೆ’ ಎಂದು ನಿಮ್ಮ ವರದಿಗಾರರಿಗೆ ಅಧಿಕಾರಿ ಹೇಳಿದ್ದಾರೆ. ಯಾವ ಕೆರೆಗೆ ಸ್ವಾಮಿ? ಪಕ್ಕದ ಊರಿನದನ್ನೂ ಹೀಗೇ ಬೋಗುಣಿ ಮಾಡಿಟ್ಟಿದ್ದೀರಿ. ಸ್ಟಿಂಟ್‌ನ ತೂಕ 25 ಗ್ರಾಂ ಆಸುಪಾಸು. ಮೊಟ್ಟೆ ಇಡಲು ಅದು ಉತ್ತರ ಧ್ರುವದಂಚಿನ ಟಂಡ್ರಾಕ್ಕೆ ಹಾರಬೇಕು. ಆ ಹಾದಿಗೆ ಬೇಕಾದ ಕೊಬ್ಬನ್ನು ಮೈಗೆ ಕಟ್ಟಿಕೊಳ್ಳುವುದು ಮಾರ್ಚ್, ಏಪ್ರಿಲ್‌ನಲ್ಲಿ, ನಮ್ಮಂಥ ಕೆರೆಗಳ ಈ ಕೆಸರಿನಲ್ಲಿ. ಇಲ್ಲೇ ಇರುವ ಹಕ್ಕಿಗಳಿಗೂ ಇದೇ ಕಾಲ. ಟಿಟ್ಟಿಭ, ಮೆಟ್ಟುಗಾಲು ಹಕ್ಕಿ ಬರೀ ನೆಲದ ಮೇಲೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತವೆ. ಮರಿಯಾಗಲು ಸುಮಾರು ನಾಲ್ಕು ವಾರ ಬೇಕು. ಮೊಟ್ಟೆಯ ಬಣ್ಣ ಮಣ್ಣಿನದೇ. ಟಿಪ್ಪರ್ ಓಡಿಸುವವನಿಗೆ ಅದು ಕಾಣುವುದೂ ಇಲ್ಲ, ಯಾರೂ ಅವನಿಗೆ ಹೇಳಿಯೂ ಇಲ್ಲ.

ಹೂಳೆತ್ತಬೇಡಿ ಎಂದು ನಾವು ಹೇಳುತ್ತಿಲ್ಲ. ನಯವಾದ ಹೂಳು ಬಂದು ಕೂರುವುದು ಆಳದಲ್ಲಿ. ಏರಿಯ ಬುಡಕ್ಕೆ ಕೈ ಹಚ್ಚದೆ, ಸ್ವಲ್ಪ ಜಾಗ ಬಿಟ್ಟು, ತೂಬಿನ ಮುಂದಿನ ಕಪ್ಪು ಮಣ್ಣು ತೆಗೆಯಲಿ. ರೈತರು ಹಿಂದೆ ಗಾಡಿಯಲ್ಲಿ ಹೊಲಕ್ಕೆ ಹೊಡೆಯುತ್ತಿದ್ದದ್ದು ಅದೇ ಮಣ್ಣು. ಹೂಳಿನ ಕೆಳಗಿನ ಗರಸು ಕಂಡ ಕೂಡಲೇ ಅಗೆತ ನಿಲ್ಲಬೇಕು. ಆದರೆ ಅಲ್ಲಿ ಇನ್ನೂ ನೀರಿದೆ, ಯಂತ್ರ ಹೂತುಹೋಗುತ್ತದೆ. ಮೇಲ್ತುದಿ ಬೇಗ ಒಣಗುತ್ತದೆ, ಟಿಪ್ಪರ್ ನೇರ ಇಳಿಯುತ್ತದೆ, ಬಿಲ್ಲು ಘನ ಮೀಟರ್ ಲೆಕ್ಕದಲ್ಲಿ ಆಗುತ್ತದೆ, ಸಿಗುವ ಗರಸಿಗೆ ಲೇಔಟುಗಳಲ್ಲಿ ಬೆಲೆಯೂ ಇದೆ. ಎಲ್ಲಿ ಅಗೆಯಬೇಕೆಂದು ತೀರ್ಮಾನ ಆಗುತ್ತಿರುವುದು ಹೀಗೆ. ಅಳತೆ ಪುಸ್ತಕದಲ್ಲಿ ಎಲ್ಲವೂ ಹೂಳೇ!

ಇನ್ನು ನಮ್ಮ ಪಾಡು ಕೇಳಿ. ಏರಿ ರಸ್ತೆ ಮುಚ್ಚಿದ್ದಾರೆ, ಶಾಲೆ ಮಕ್ಕಳ ಆಟೊಗಳು ಊರು ಸುತ್ತಿ ಬರಬೇಕು. ಮನೆಗಳ ಮೇಲೆಲ್ಲ ಕೆಂಧೂಳು, ಒಣಹಾಕಿದ ಬಟ್ಟೆ ಮತ್ತೆ ಒಗೆಯಬೇಕು. ರಾತ್ರಿ ಹನ್ನೊಂದಕ್ಕೂ ಟಿಪ್ಪರ್ ಸದ್ದು. ಹೊಸ ಸುತ್ತೇರಿ ಕಾಲುವೆಯ ಬಾಯಿಗೇ ಅಡ್ಡ ಬಂದಿದೆ, ಮಳೆಗಾಲದಲ್ಲಿ ಆ ನೀರು ಕೆಳಗಿನ ಬೀದಿಗೆ ನುಗ್ಗಿದರೆ ಯಾರು ಹೊಣೆ? ಬೀದಿ ದೀಪ ಕೆಟ್ಟಿದೆ ಎಂದು ಅರ್ಜಿ ಕೊಟ್ಟರೆ ಒಂದು ಕಚೇರಿ ಇನ್ನೊಂದಕ್ಕೆ ಕಳಿಸುತ್ತದೆ, ವಾಕಿಂಗ್ ಪಾತ್‌ನ ದೀಪಗಳು ಮಾತ್ರ ಬೆಳಗಿನ ತನಕ ನೀರಿನ ಮೇಲೇ ಉರಿಯುತ್ತವೆ. ಹೋದ ಸಲದ ಕಾಮಗಾರಿಯಲ್ಲಿ ಕೆರೆಯ ನಡುವೆ ಒಂದು ದುಂಡು ದಿಬ್ಬ ಮಾಡಿದರಲ್ಲ, ಅದರ ಅಂಚು ಎಷ್ಟು ಕಡಿದಾಗಿದೆಯೆಂದರೆ ಬಾತಿನ ಮರಿ ಹತ್ತಲಾರದು. ಮೀನು ಟೆಂಡರಿನವರು ನೀರುಕಾಗೆ ಓಡಿಸಲು ಪಟಾಕಿ ಹೊಡೆಯುತ್ತಾರೆ. ಇದಕ್ಕೆಲ್ಲ ದೂರು ಕೊಟ್ಟೂ ಕೊಟ್ಟೂ ಸಾಕಾಗಿದೆ.

ಕೇಳಲು ಹೋದರೆ ‘ಇದು ನೀರಾವರಿ ಕೆರೆ, ಪಕ್ಷಿಧಾಮ ಅಲ್ಲ’ ಎಂಬ ಉತ್ತರ. 2017ರ ಜೌಗು ಪ್ರದೇಶ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ, ನಿಜ. ಆದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ವಿಜಯನಗರ ಜಿಲ್ಲೆಯ ಅಂಕಸಮುದ್ರ ಯಾವುದು, ಗದಗ ಜಿಲ್ಲೆಯ ಮಾಗಡಿ ಕೆರೆ ಯಾವುದು? ಅವೂ ಬೇಸಾಯಕ್ಕೆಂದು ಜನ ಕಟ್ಟಿದ ಕೆರೆಗಳೇ. ಬಣ್ಣದ ಕೊಕ್ಕರೆಯಾಗಲಿ ಪಟ್ಟೆತಲೆ ಹೆಬ್ಬಾತಾಗಲಿ ಕಡತ ಓದಿ ಇಳಿಯುವುದಿಲ್ಲ.

ಮೇಲ್ತುದಿಯ ಕೆಲಸ ಇವತ್ತೇ ನಿಲ್ಲಲಿ. ಬಗೆದ ಮಣ್ಣನ್ನು ವಾಪಸ್ ತಂದು ಮೊದಲಿನ ಇಳಿಜಾರು ಮಾಡಲಿ, ಕಾಲುವೆ ಬಾಯಿ ಬಿಡಿಸಲಿ. ಏರಿ ರಸ್ತೆಯನ್ನೂ ತೆರೆಯಲಿ, ಧೂಳಿಗೆ ನೀರು ಹೊಡೆಯಲಿ. ಸಂಬಂಧಪಟ್ಟವರು ಏನಾದರೂ ಮಾಡಲಿ. ಕೆರೆಯ ನಕ್ಷೆಯನ್ನು ಕಚೇರಿಯಲ್ಲಿ ಕೂತು ಸ್ಕೇಲಿನಲ್ಲಿ ಎಳೆಯುವವರು ಒಂದು ಬೆಳಿಗ್ಗೆಯಾದರೂ ಆ ಕೆಸರಿನ ಪಕ್ಕ ಬಂದು ನಿಲ್ಲಬಾರದೇ? ಸಂಬಳ ಯಾತಕ್ಕೆ ಕೊಡುವುದು ಇವರಿಗೆ?

ಕೆರೆ ಏರಿ ಬದಿಯ ನಿವಾಸಿಗಳು