ಕೆಟ್ಟೂರಿನ ದಾರಿ ಕೇಳಿದವನಿಗೆ

ಕೋಲಾರ
ಭಾನುವಾರ ಸಂಜೆ

ಪ್ರೀತಿಯ ತಮ್ಮ,

ನಿನ್ನ ಕಾಗದವೂ ಕತೆಯೂ ಒಂದೇ ಲಕೋಟೆಯಲ್ಲಿ ಬಂದವು. ಮೊದಲು ಕತೆ ಓದಿದೆ. 2090ರ ಬೆಂಗಳೂರು, ಕಪ್ಪು ಕೋಟಿನ ಸರ್ವಾಧಿಕಾರಿ, ಬೀದಿ ತುಂಬ ಯಂತ್ರಮಾನವರು. ಹನ್ನೊಂದು ಪುಟಗಳಲ್ಲಿ ಒಬ್ಬನೂ ಊಟ ಮಾಡಲಿಲ್ಲ, ಒಬ್ಬಳೂ ಬಟ್ಟೆ ಒಗೆಯಲಿಲ್ಲ. ಎಲ್ಲರೂ ಹೆದರುತ್ತಲೇ ಇದ್ದರು. ಬೆಳಗಿನಿಂದ ರಾತ್ರಿಯವರೆಗೆ ಹೆದರಿಕೊಂಡೇ ಇರಲು ಮನುಷ್ಯನಿಗೆ ಪುರುಸೊತ್ತಾದರೂ ಎಲ್ಲಿದೆ ಹೇಳು?

ಆಮೇಲೆ ಕಾಗದ ನೋಡಿದರೆ, ಡಿಸ್ಟೋಪಿಯ ಕಾದಂಬರಿಗಳನ್ನು ಎಲ್ಲಿಂದ ಓದಲು ಶುರು ಮಾಡಲಿ, ಆರ್ವೆಲ್‌ನನ್ನು ಅರ್ಧಕ್ಕೇ ಬಿಟ್ಟೆ ಎಂದು ಕೇಳಿದ್ದೀಯೆ. ಅಂದರೆ ಓದುವ ಮೊದಲೇ ಬರೆದುಬಿಟ್ಟಿದ್ದೀಯೆ. ಬೈಯುವುದಿಲ್ಲ. ನಿನ್ನ ವಯಸ್ಸಿನಲ್ಲಿ ನಾನು ಸಮುದ್ರವನ್ನೇ ಕಾಣದೆ ಹಡಗಿನ ಕತೆ ಬರೆದವನು.

ಹೆಸರಿಗೆ ಹೆದರಬೇಡ. ಥಾಮಸ್ ಮೋರ್ 1516ರಲ್ಲಿ ಎಲ್ಲಿಯೂ ಇಲ್ಲದ ಒಳ್ಳೆಯ ಊರಿಗೆ ಯುಟೋಪಿಯ ಎಂದು ಹೆಸರಿಟ್ಟ. 1868ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಬ್ರಿಟಿಷ್ ಸಂಸತ್ತಿನಲ್ಲಿ ಐರ್ಲೆಂಡಿನ ವಿಚಾರ ಮಾತನಾಡುತ್ತಾ, ಸರ್ಕಾರದವರನ್ನು ಹಂಗಿಸಲು ಆ ಮಾತನ್ನು ತಿರುವಿಹಾಕಿ, ಕೆಟ್ಟ ಊರು ಎಂಬರ್ಥದಲ್ಲಿ ಡಿಸ್ಟೋಪಿಯದ ಮಾತು ಬಳಸಿದ. ನಾವು ಕೆಟ್ಟೂರು ಎಂದುಕೊಂಡರೆ ಸಾಕು.

ಹತ್ತು ಪುಸ್ತಕಗಳನ್ನು ಒಟ್ಟಿಗೆ ತರಿಸಬೇಡ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಮೊದಲು ಇ. ಎಂ. ಫಾರ್ಸ್ಟರ್ 1909ರಲ್ಲಿ ಬರೆದ 'ದಿ ಮೆಷಿನ್ ಸ್ಟಾಪ್ಸ್' ಓದು. ಕಾದಂಬರಿಯೂ ಅಲ್ಲ, ನೀಳ್ಗತೆ. ಬಂಗಾರಪೇಟೆಯಿಂದ ಬೆಂಗಳೂರಿಗೆ ನೀನು ದಿನವೂ ಹೋಗಿಬರುವ ರೈಲಿನಲ್ಲಿಯೇ ಮುಗಿಯುತ್ತದೆ. ನೆಲದಡಿಯ ಆರು ಮೂಲೆಯ ಕೋಣೆಯಲ್ಲಿ ವಶ್ತಿ ಎಂಬ ಹೆಂಗಸು ಒಬ್ಬಳೇ ಇದ್ದಾಳೆ. ಊಟಕ್ಕೆ, ಬಟ್ಟೆಗೆ, ಸ್ನಾನಕ್ಕೆ, ಸಂಗೀತಕ್ಕೆ ಒಂದೊಂದು ಗುಂಡಿ. ಭೂಮಿಯ ಇನ್ನೊಂದು ಮಗ್ಗುಲಲ್ಲಿರುವ ಮಗನ ಮುಖ ಅವಳ ಕೈಯಲ್ಲಿರುವ ತಟ್ಟೆಯಲ್ಲಿ ಮೂಡುತ್ತದೆ. ಯಂತ್ರದ ಮೂಲಕ ಬೇಡ, ಎದುರಿಗೇ ಬಾ ಎಂದು ಅವನು ಕರೆಯುತ್ತಾನೆ. ಇದನ್ನು ಓದಿದವರೆಲ್ಲ ಮೊಬೈಲ್ ನೆನೆದು ಬೆರಗಾಗುತ್ತಾರೆ. ನೀನು ಅಲ್ಲಿಯೇ ನಿಲ್ಲಬೇಡ, ಮುಂದೆ ಹೋಗು. ಯಂತ್ರ ಕೆಡತೊಡಗಿದಾಗ ಸಂಗೀತದ ನಡುವೆ ಒಂದು ಏದುಸಿರು ಕೇಳಿಸುತ್ತದೆ. ವಶ್ತಿ ದೂರು ಕೊಡುತ್ತಾಳೆ. ಕೆಲವು ಕಾಲದ ನಂತರ ಆ ಸದ್ದು ರಾಗದ್ದೇ ಭಾಗವೆಂಬಂತೆ ಅವಳ ಕಿವಿ ಒಪ್ಪಿಕೊಂಡುಬಿಡುತ್ತದೆ. ಸ್ನಾನದ ನೀರು ನಾರುತ್ತದೆ, ಅದೂ ಸರಿಹೋಗುತ್ತದೆ. ಸರಿಹೋಗುವುದು ನೀರಲ್ಲ, ಮೂಗು.

ಆ ಪುಟ ಓದಿದಾಗ ನನಗೆ ನಮ್ಮೂರಿನ ಕೈಪಂಪು ನೆನಪಾಯಿತು. ನನ್ನ ಜೊತೆ ಓದಿದ ಎಷ್ಟೋ ಹುಡುಗರ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ದೊಡ್ಡವರಾಗುತ್ತಾ ಹಲ್ಲು ಹಾಗೆಯೇ ಆಗುತ್ತದೆ ಎಂದು ನಂಬಿದ್ದೆವು. ಬಿಳಿ ಹಲ್ಲಿನ ಹುಡುಗ ಬೇರೆ ಕಡೆಯಿಂದ ಬಂದವನೆಂದೇ ಲೆಕ್ಕ. ಅದು ನೀರಿನಲ್ಲಿದ್ದ ಫ್ಲೋರೈಡ್ ಮಾಡಿದ ಕೆಲಸವೆಂದು ತಿಳಿಯಲು ವರ್ಷಗಳು ಬೇಕಾದವು. ನನಗೆ ಈ ಬಗೆಯ ಪುಸ್ತಕಗಳ ರುಚಿ ಹತ್ತಿದ್ದು ಹೀಗೆ. ಸರ್ವಾಧಿಕಾರಿ ಹೇಗಿದ್ದಾನೆ ಎಂದು ನಾನು ಹುಡುಕುವುದಿಲ್ಲ. ಜನ ಯಾವುದಕ್ಕೆ ಒಗ್ಗಿಹೋಗಿದ್ದಾರೆ, ಎಷ್ಟು ದಿನದಲ್ಲಿ ಒಗ್ಗಿದರು ಎಂದು ನೋಡುತ್ತೇನೆ.

ಈ ಕಣ್ಣಿಟ್ಟುಕೊಂಡು ಆರ್ವೆಲ್‌ಗೆ ಮರಳು. 1949ರಲ್ಲಿ ಅಚ್ಚಾದ ಅವನ '1984' ಕಾದಂಬರಿಯಲ್ಲಿ ಎಲ್ಲರ ಬಾಯಲ್ಲಿರುವುದು ಗೋಡೆಯ ಮೇಲಿನ ಸರ್ವಾಧಿಕಾರಿ ದೊಡ್ಡಣ್ಣನ ಮುಖ. ನನಗೆ ಹಿಡಿಸಿದ್ದು ಚಾಕೊಲೇಟ್. ವಾರದ ಪಡಿತರವನ್ನು 30 ಗ್ರಾಂನಿಂದ 20ಕ್ಕೆ ಇಳಿಸುತ್ತಾರೆ. ಮಾರನೆಯ ದಿನವೇ, 20ಕ್ಕೆ ಏರಿಸಿದ್ದಕ್ಕೆ ಕೃತಜ್ಞತೆ ಹೇಳಿ ಜನ ಮೆರವಣಿಗೆ ಮಾಡಿದರೆಂದು ಸುದ್ದಿ ಬರುತ್ತದೆ. ಪಕ್ಕದವನು ಅದನ್ನು ತಲೆಯಾಡಿಸಿ ನುಂಗುತ್ತಾನೆ. ನೆನಪಿರುವುದು ತನಗೊಬ್ಬನಿಗೇ ಇರಬಹುದೇ ಎಂದು ಕಥಾನಾಯಕ ವಿನ್‌ಸ್ಟನ್ ಕ್ಯಾಂಟೀನಿನಲ್ಲಿ ಕುಳಿತು ಯೋಚಿಸುತ್ತಾನೆ. ಚಿತ್ರಹಿಂಸೆಯ ಅಧ್ಯಾಯಗಳಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ಆ 10 ಗ್ರಾಂ. ನಡುವೆ ಒಂದು ಪುಸ್ತಕದೊಳಗಿನ ಪುಸ್ತಕ ಬರುತ್ತದೆ, ಉದ್ದುದ್ದ ರಾಜಕೀಯ ವಿವರಣೆ. ಬಹುಶಃ ನೀನು ಮುಗ್ಗರಿಸಿದ್ದು ಅಲ್ಲಿಯೇ. ಮೊದಲ ಓದಿಗೆ ದಾಟಿಬಿಡು, ಯಾರೂ ಕೇಳುವುದಿಲ್ಲ.

ಹಕ್ಸ್‌ಲಿಯ 1932ರ ಕಾದಂಬರಿ 'ಬ್ರೇವ್ ನ್ಯೂ ವರ್ಲ್ಡ್' ಅನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ. ಮಕ್ಕಳನ್ನು ಸೀಸೆಯಲ್ಲಿ ಬೆಳೆಸುವ ಮೊದಲ ಅಧ್ಯಾಯ ಬಹಳ ಚೆನ್ನಾಗಿದೆ. ಕೊನೆಗೆ ಪಾತ್ರಗಳು ಎದುರುಬದುರು ಕುಳಿತು ವಾದ ಮಾಡುತ್ತವೆ. ರಷ್ಯದ ಜಮ್ಯಾಟಿನ್ ಇವರಿಬ್ಬರಿಗೂ ಹಿರಿಯ. ಅವನ 'ವಿ' ಇಂಗ್ಲಿಷಿನಲ್ಲಿ 1924ರಲ್ಲಿಯೇ ಬಂತು, ಅವನ ಸ್ವಂತ ದೇಶದಲ್ಲಿ ಅಚ್ಚಾಗಲು 1988 ಆಗಬೇಕಾಯಿತು. ಇವೆರಡನ್ನೂ ಆಮೇಲೆ ಓದಬಹುದು.

ಮಾರ್ಗರೆಟ್ ಅಟ್‌ವುಡ್‌ರ 'ದಿ ಹ್ಯಾಂಡ್‌ಮೇಡ್ಸ್ ಟೇಲ್' (1985) ತಡಮಾಡದೆ ಓದು. ಇತಿಹಾಸದಲ್ಲಿ ಎಲ್ಲಿಯೂ ನಡೆಯದ ಒಂದನ್ನೂ ಸೇರಿಸಬಾರದು ಎಂಬ ಕಟ್ಟುಪಾಡನ್ನು ಅವರು ತಮಗೆ ತಾವೇ ಹಾಕಿಕೊಂಡಿದ್ದರು. ಹೆಂಗಸರ ಸ್ವಾತಂತ್ರ್ಯ ಹೋಯಿತೆಂದು ಅಲ್ಲಿ ಯಾರೂ ಡಂಗುರ ಹೊಡೆಯುವುದಿಲ್ಲ. ಒಬ್ಬಳು ಸಿಗರೇಟು ಕೊಳ್ಳಲು ಅಂಗಡಿಗೆ ಹೋಗುತ್ತಾಳೆ, ಅವಳ ಕಾರ್ಡು ಕೆಲಸ ಮಾಡುವುದಿಲ್ಲ. ಅಷ್ಟೇ. ನಿನ್ನ ಕಪ್ಪು ಕೋಟಿನವನು ಬಾಲ್ಕನಿಯಲ್ಲಿ ನಿಂತು ಎರಡು ಪುಟ ಕಿರುಚಿದ್ದಾನೆ.

ಆಕ್ಟೇವಿಯಾ ಬಟ್ಲರ್ ನಮ್ಮ ಜಿಲ್ಲೆಯವರಿಗೆಂದೇ ಬರೆದಂತಿದೆ. 1993ರ 'ಪ್ಯಾರಬಲ್ ಆಫ್ ದಿ ಸೋವರ್' ಶುರುವಾಗುವುದು 2024ರ ಕ್ಯಾಲಿಫೋರ್ನಿಯಾದಲ್ಲಿ. ನೀರು ಪೆಟ್ರೋಲಿಗಿಂತ ಎಷ್ಟೋ ಪಟ್ಟು ತುಟ್ಟಿ. ಆ ವರ್ಷ ಬಂದು ಹೋಗಿಯೂ ಆಯಿತು, ನೀನು 2090ರ ತನಕ ಓಡಿದ್ದೀಯೆ. ಬೆಂಗಳೂರು ಬಳಸಿ ಬಿಟ್ಟ ನೀರು ಸಂಸ್ಕರಣೆಯಾಗಿ 2018ರಿಂದ ನಮ್ಮ ಕೆರೆಗಳಿಗೆ ಹರಿಯುತ್ತಿದೆಯಲ್ಲ, ಆ ಕೆ.ಸಿ. ವ್ಯಾಲಿ ನೀರು ಕಂಡು ಕೆಲವರು ಕೈಮುಗಿದರು, ಕೆಲವರು ಮೂಗು ಮುಚ್ಚಿದರು, ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಒಂದೇ ಮನೆಯಲ್ಲಿ ಕೈಮುಗಿಯುವ ಅಜ್ಜಿ, ಮೂಗು ಮುಚ್ಚುವ ಸೊಸೆ ಇರಲಿಕ್ಕಿಲ್ಲವೇ? ಕೆ.ಜಿ.ಎಫ್.ಗೆ ಹೋಗಿ ಬಾ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ ಬಂದಿದ್ದ ಊರು, 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಚಿನ್ನ ತೆಗೆದು ಬಿಟ್ಟ ಮಣ್ಣಿನ ಸೈನೈಡ್ ದಿಬ್ಬ ಉಳಿಯಿತು. ಗಾಳಿ ಎದ್ದಾಗ ಆ ಧೂಳಿನ ಪಕ್ಕ ಬಟ್ಟೆ ಒಣಹಾಕುವವರು ಏನು ಮಾತನಾಡಿಕೊಳ್ಳುತ್ತಾರೆ, ಕೇಳಿಸಿಕೋ. ಕೆಟ್ಟೂರಿನ ಬಗ್ಗೆ ಒಂದು ಮಾತೂ ಆಡಿರುವುದಿಲ್ಲ, ಬಾಜಿ ಕಟ್ಟುತ್ತೇನೆ.

ಭಾಷೆಗಾಗಿ ಇನ್ನೆರಡು ಇವೆ. ಯೋಕೊ ಓಗಾವಾ 1994ರಲ್ಲಿ ಜಪಾನಿ ಭಾಷೆಯಲ್ಲಿ ಬರೆದ ಕಾದಂಬರಿ 2019ರಲ್ಲಿ 'ದಿ ಮೆಮೊರಿ ಪೊಲೀಸ್' ಎಂದು ಇಂಗ್ಲಿಷಿಗೆ ಬಂತು. ಒಂದು ದ್ವೀಪದಲ್ಲಿ ಒಂದೊಂದೇ ವಸ್ತು ಮರೆಯಾಗುತ್ತದೆ, ಅದರ ನೆನಪೂ ಹೋಗುತ್ತದೆ. ಕತೆ ಹೇಳುವವಳು ಬರಹಗಾರ್ತಿ. ಅವಳ ಸರದಿ ಬಂದಾಗ ನಿನಗೂ ಬೆವರು ಬರುತ್ತದೆ. ಇನ್ನೊಂದು ಇಶಿಗುರೊನ 2005ರ 'ನೆವರ್ ಲೆಟ್ ಮಿ ಗೋ'. ಅಂಗಾಂಗ ಕೊಡಲೆಂದೇ ಸಾಕಿದ ಮಕ್ಕಳು. ಕೀಳುವುದಕ್ಕೆ ಅವರು 'ದಾನ' ಎನ್ನುತ್ತಾರೆ, ಸಾಯುವುದಕ್ಕೆ 'ಪೂರೈಸುವುದು' ಎನ್ನುತ್ತಾರೆ. ಬೇಲಿ ಹಾರಿ ಓಡಿಹೋಗೋಣ ಎಂದು ಒಬ್ಬರಿಗೂ ಹೊಳೆಯುವುದಿಲ್ಲ. ಏಕೆ ಓಡುವುದಿಲ್ಲ ಎಂದು ನಾನು ಮೊದಲ ಓದಿನಲ್ಲಿ ಸಿಟ್ಟಾಗಿ ಪುಸ್ತಕ ಮಡಚಿಟ್ಟಿದ್ದೆ.

ನಿನ್ನ ಕತೆಯನ್ನು ಹರಿಯಬೇಡ. ಆರನೆಯ ಪುಟದಲ್ಲಿ ಒಬ್ಬ ಮುದುಕ ಬಿಂದಿಗೆಗೆ ಬೀಗ ಹಾಕುತ್ತಾನೆ. ಆ ಒಂದು ಸಾಲಿಗೆ ಗೆರೆ ಎಳೆದಿದ್ದೇನೆ. ಉಳಿದದ್ದನ್ನು ಬಿಟ್ಟು ಅವನ ಮನೆಗೆ ಹೋಗು.

ಇಶಿಗುರೊನ ನನ್ನ ಪ್ರತಿಯನ್ನು ಇದರ ಜೊತೆ ಕಳುಹಿಸುತ್ತಿದ್ದೇನೆ. ಮಾವಿನ ಕಾಲ ಬರುವುದರೊಳಗೆ ಹಿಂದಿರುಗಿಸು. ಒಳಗೆ ಪುಟದ ಗುರುತಿಗೆ ಟ್ಯಾಂಕರ್‌ನವನ ಚೀಟಿ ಇದೆ, ಎಸೆದುಬಿಡಬೇಡ. ಎರಡು ಲೋಡಿನ ಲೆಕ್ಕ ಇನ್ನೂ ಬಾಕಿ ಇದೆ.

ಇಂತಿ,
ನಿನ್ನ ಅಣ್ಣ