ಬೋರ್ಡೊಗೆ ಕತ್ತಿ ಅದ್ದಿ ನೋಡುತ್ತೇವೆ, ಬ್ಯಾಟರಿಗೆ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ತೋಟದ ಮನೆಯೊಂದರಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಪ್ರೇಯರ್ ಬ್ಯಾಟರಿ ಹೊತ್ತಿಕೊಂಡು, ಪಕ್ಕದಲ್ಲಿದ್ದ ಗೋಣಿಚೀಲಗಳು ಸುಟ್ಟವಂತೆ. ಕೊನೆಯ ಸಾಲು ಎಂದಿನದೇ: ‘ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ.’ ಹುಲ್ಲಿನ ಮೆದೆ ಸುಟ್ಟರೂ ಶಾರ್ಟ್ ಸರ್ಕ್ಯೂಟ್, ಬಟ್ಟೆ ಅಂಗಡಿ ಸುಟ್ಟರೂ ಶಾರ್ಟ್ ಸರ್ಕ್ಯೂಟ್. ನನಗೆ ಬೇಕಾಗಿದ್ದ ವಿಷಯ ಒಂದೇ ಇತ್ತು: ಆ ಬ್ಯಾಟರಿಗೆ ಯಾವ ಚಾರ್ಜರ್ ಹಾಕಿದ್ದರು? ಸುದ್ದಿಯಲ್ಲಿ ಅದು ಇರಲಿಲ್ಲ. ಬಹುಶಃ ಯಾರೂ ಕೇಳಿಯೇ ಇಲ್ಲ.

ನಾನು ಮೂಡಿಗೆರೆ ತಾಲ್ಲೂಕಿನ ತೋಟವೊಂದರಲ್ಲಿ 34 ವರ್ಷ ರೈಟರ್ ಆಗಿದ್ದವನು. ಬೆಳಿಗ್ಗೆ ಮಳೆ ಅಳೆದು ಇಂಚು-ಸೆಂಟಿನಲ್ಲಿ ಬರೆಯುವುದು, ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಬರೆಯುವುದು, ಗೊಬ್ಬರ-ಔಷಧಿ ಲೆಕ್ಕ ಇಡುವುದು, ಇಷ್ಟೇ ನನ್ನ ವಿದ್ಯೆ. ಇಂಜಿನಿಯರ್ ಅಲ್ಲ. ಈಗ ಕೆಲಸ ಬಿಟ್ಟು ಎರಡೂವರೆ ಎಕರೆ ಕಾಫಿ, ಒಂದಿಷ್ಟು ಮೆಣಸಿನ ಬಳ್ಳಿ ನೋಡಿಕೊಂಡಿದ್ದೇನೆ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿರುವ ಮಗ ಹಳೆ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಒಂದು ಚೀಲ ತಂದು ಹಾಕಿದ. ಅಲ್ಲಿಂದ ನನಗೆ ಲಿಥಿಯಂ ಪ್ಯಾಕ್ ಕಟ್ಟುವ ಹುಚ್ಚು.

ಹುಚ್ಚಿಗೆ ಕಾರಣ ಇದೆ. ನಮ್ಮ ಬೆನ್ನಿಗೆ ಹಾಕುವ ಸ್ಪ್ರೇಯರ್‌ನ ಟ್ಯಾಂಕು 16 ಲೀಟರ್. ಅದರ ಅಡಿಯ ಸೀಸದ ಬ್ಯಾಟರಿ ಎರಡು ಕಿಲೋ ದಾಟುತ್ತದೆ. ಅದೇ ಜಾಗಕ್ಕೆ 12 ಲಿಥಿಯಂ ಸೆಲ್ಲು ಹಾಕಿದರೆ ಮುಕ್ಕಾಲು ಕಿಲೋ ಕೂಡ ಇಲ್ಲ. ಇಳಿಜಾರಿನಲ್ಲಿ ಜಾರುತ್ತಾ ಏಳುತ್ತಾ ಔಷಧಿ ಹೊಡೆಯುವವರ ಬೆನ್ನಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಹಾಗಾಗಿ ಈಗ ನಮ್ಮ ಕಡೆ ಊರಿಗಿಬ್ಬರು ಹುಡುಗರು ಪ್ಯಾಕ್ ಕಟ್ಟುತ್ತಾರೆ. ಸ್ಪ್ರೇಯರ್‌ಗೆ, ಆನೆ ಕಾಯುವ ಟಾರ್ಚಿಗೆ, ಕರೆಂಟು ಹೋದಾಗ ವೈಫೈ ಡಬ್ಬಿಗೆ. ಕಟ್ಟಬೇಡಿ ಎಂದು ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ.

ನನ್ನ ಮೊದಲ ಪ್ಯಾಕ್ ಏನಾಯಿತು ಎಂದು ಹೇಳುತ್ತೇನೆ. ನಾಲ್ಕು ನಾಲ್ಕು ಸೆಲ್ಲಿನ ಮೂರು ಗುಂಪು, ಸಾಲಾಗಿ ಜೋಡಿಸಿದ್ದು. ಬಿಎಂಎಸ್, ಅಂದರೆ ಸೆಲ್ಲು ಅತಿಯಾಗಿ ತುಂಬದಂತೆ, ತೀರಾ ಖಾಲಿಯಾಗದಂತೆ ಕಾಯುವ ಪುಟ್ಟ ಸರ್ಕ್ಯೂಟ್, ಹಾಕಿರಲಿಲ್ಲ. ಪೇಟೆಯ ಅಂಗಡಿಯ ಹುಡುಗ ‘ಅದೆಲ್ಲ ಸ್ಕೂಟರಿಗೆ ರೈಟ್ರೇ, ಇದಕ್ಕೆ ಬೇಡ, ಹಂಗೇ ಓಡ್ತದೆ’ ಅಂದ. ಓಡಿತು ಕೂಡ, ಹದಿನೈದು ದಿನ. ಚಾರ್ಜಿಗೆ ನಾನು ಹಾಕುತ್ತಿದ್ದದ್ದು ಸ್ಪ್ರೇಯರ್ ಜೊತೆ ಬಂದಿದ್ದ ಚಾರ್ಜರ್. ಪಿನ್ ಸರಿಹೋಗುತ್ತಿತ್ತು. ಅದರ ಮೇಲೂ 12 ವೋಲ್ಟ್ ಅಂತ ಬರೆದಿತ್ತು, ಪ್ಯಾಕಿನ ಮೇಲೆ ನಾನೇ ಮಾರ್ಕರ್‌ನಲ್ಲಿ 12 ವೋಲ್ಟ್ ಅಂತ ಬರೆದಿದ್ದೆ. ಇನ್ನೇನು ಬೇಕು?

ಒಂದು ಸಂಜೆ ಜಗಲಿಯಲ್ಲಿ ‘ಸುಸ್’ ಅಂತ ಸದ್ದು. ಹಾವೇ ಇರಬೇಕು ಎಂದು ಹೆಂಡತಿ ಕೂಗಿದಳು. ಸಿಹಿಸಿಹಿಯಾದ, ಉಗುರುಬಣ್ಣದಂಥ ವಾಸನೆ, ಆಮೇಲೆ ಬಿಳಿ ಹೊಗೆ. ಪ್ಲಗ್ ಕಿತ್ತು, ಕಾಫಿ ಕೆದಕುವ ಹಲಗೆಯಿಂದ ಪ್ಯಾಕನ್ನು ಕಣಕ್ಕೆ ತಳ್ಳಿದೆ. ಅಲ್ಲಿಗೆ ಹೋದ ಮೇಲೆ ಒಂದರ ಹಿಂದೆ ಒಂದರಂತೆ ಮೂರು ಸೆಲ್ಲು ಪಟಾಕಿಯ ಹಾಗೆ ಹೊತ್ತಿದವು. ಜುಲೈ ತಿಂಗಳು, ಮೇಲಿಂದ ಮಳೆ, ಡ್ರಮ್ಮಿನಲ್ಲಿ ನೀರು. ದೇವರು ದೊಡ್ಡವನು. ಡಿಸೆಂಬರ್ ಆಗಿದ್ದರೆ ಅದೇ ಕಣದ ತುಂಬ ಒಣಗಲು ಕಾಫಿ ಚೆರ್ರಿ ಹರಡಿರುತ್ತಿತ್ತು.

ಆಮೇಲೆ ಲೆಕ್ಕ ಹಾಕಿದೆ. ರೈಟರ್ ಬುದ್ಧಿ ಎಲ್ಲಿ ಹೋಗುತ್ತದೆ? ಲ್ಯಾಪ್‌ಟಾಪಿನ ಇಂಥ ಒಂದು ಸೆಲ್ಲು ಪೂರ್ತಿ ತುಂಬಿದಾಗ 4.2 ವೋಲ್ಟ್. ಮೂರು ಸೇರಿದರೆ 12.6. ಅಲ್ಲಿಗೆ ನಿಲ್ಲಲೇಬೇಕು. ಸೀಸದ ಬ್ಯಾಟರಿಯ ಚಾರ್ಜರ್ 14.4ರ ತನಕ ಏರುತ್ತದೆ. ಸೀಸ ಅದನ್ನು ತಡೆದುಕೊಳ್ಳುತ್ತದೆ. ನನ್ನ ಪ್ಯಾಕಿಗೆ ಅದೇ 14.4 ಬಿದ್ದರೆ ಒಂದೊಂದು ಸೆಲ್ಲಿಗೆ 4.8. ಮೂರು ಗುಂಪೂ ಸಮ ಇಲ್ಲದಿದ್ದರೆ ಒಂದು ಗುಂಪಿಗೆ ಇನ್ನೂ ಜಾಸ್ತಿ. ಈಚೆಗೆ ಸಿದ್ಧವಾಗಿ ಬರುತ್ತಿರುವ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಇದೆಯಲ್ಲ, ಅದರ ನಾಲ್ಕು ಸೆಲ್ಲಿಗೆ ಬೇಕಾದದ್ದು 14.6. ಅಂದರೆ ಮೂರು ಜಾತಿಯ ಬ್ಯಾಟರಿ, ಮೂರು ಬೇರೆ ಬೇರೆ ಚಾರ್ಜರ್. ಮೂರರ ಮೇಲೂ ‘12 ವೋಲ್ಟ್’ ಎಂದೇ ಬರೆದಿರುತ್ತದೆ, ಬಹಳಷ್ಟು ಕಡೆ ಪಿನ್ನೂ ಒಂದೇ. ಒಂದು ತೋಟದ ಸ್ಟೋರಿನಲ್ಲಿ ಈ ಮೂರೂ ಒಂದೇ ಮೊಳೆಗೆ ನೇತುಹಾಕಿದ್ದನ್ನು ನಾನೇ ನೋಡಿದ್ದೇನೆ. ಮುಂಜಾನೆ ಕತ್ತಲಲ್ಲಿ ಆಳು ಬಂದು ಕೈಗೆ ಸಿಕ್ಕಿದ್ದನ್ನು ಚುಚ್ಚುತ್ತಾನೆ. ಅವನದೇನು ತಪ್ಪು?

ನಮ್ಮ ಕಡೆಯವರು ಪರೀಕ್ಷೆ ಮಾಡದ ಜನವೇನಲ್ಲ. ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ತಯಾರಿಸುವಾಗ ಮೈಲುತುತ್ತದ ನೀರಿಗೆ ಸುಣ್ಣ ಸಾಕಾಯಿತೋ ಇಲ್ಲವೋ ನೋಡಲು ಉಜ್ಜಿದ ಕತ್ತಿಯನ್ನು ಅದ್ದುತ್ತೇವೆ. ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಅದನ್ನು ನೋಡದೆ ಹೊಡೆದರೆ ಎಲೆ ಸುಡುತ್ತದೆ ಎಂದು ಗೊತ್ತಿಲ್ಲದ ರೈತ ಇಲ್ಲಿ ಯಾರೂ ಇಲ್ಲ. ಎಲೆ ಸುಟ್ಟೀತು ಎಂದು ಕತ್ತಿ ಅದ್ದುವವರು, ಮನೆ ಸುಡಬಲ್ಲ ಬ್ಯಾಟರಿಗೆ ಮೀಟರ್ ಹಿಡಿಯುವುದಿಲ್ಲ. ಸೆಲ್ಲಿನ ವಿಷಯದಲ್ಲೂ ತಾಮ್ರವೇ ವೈರಿ ಎಂದು ಆಮೇಲೆ ತಿಳಿಯಿತು. ಸೆಲ್ಲು 2 ವೋಲ್ಟಿಗಿಂತ ಕೆಳಗೆ ಇಳಿದು ಬಹಳ ದಿನ ಬಿದ್ದಿದ್ದರೆ ಅದರೊಳಗಿನ ತಾಮ್ರದ ಹಾಳೆ ಕರಗಲು ಶುರುವಾಗಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೊಳಗೇ ಶಾರ್ಟ್ ಆಗಬಹುದು. ನಿಮ್ಮ ವರದಿಗಾರರು ಬರೆಯುವ ‘ಶಾರ್ಟ್ ಸರ್ಕ್ಯೂಟ್’ ಇದಾಗಿದ್ದರೆ ಒಪ್ಪುತ್ತೇನೆ.

ಎರಡನೇ ಸಲ ನಾನು ಅವಸರ ಮಾಡಲಿಲ್ಲ. ಬರೆಯದೆ ಉಳಿದಿದ್ದ ಹಳೆ ಚೆಕ್‌ರೋಲ್ ಪುಸ್ತಕ ತೆಗೆದು, ಆಳುಗಳ ಹೆಸರಿನ ಕಾಲಂನಲ್ಲಿ ಸೆಲ್ಲಿನ ನಂಬರು ಬರೆದೆ. 16 ಲ್ಯಾಪ್‌ಟಾಪ್ ಬ್ಯಾಟರಿ, 96 ಸೆಲ್ಲು. ಮೀಟರ್ ಹಿಡಿದಾಗ 19 ಸೆಲ್ಲು ಎರಡು ವೋಲ್ಟಿಗಿಂತ ಕೆಳಗಿದ್ದವು, ಅವಕ್ಕೆ ಹಾಜರಿ ಇಲ್ಲ. ಉಳಿದವನ್ನು ಸಣ್ಣ ಚಾರ್ಜರಿನಲ್ಲಿ ಒಂದೊಂದಾಗಿ 4.2ಕ್ಕೆ ತುಂಬಿಸಿದೆ. ಆಗಾಗ ಕೈಯಿಟ್ಟು ನೋಡುತ್ತಿದ್ದೆ. ಆರು ಸೆಲ್ಲು ಹಿಡಿಯಲಾಗದಷ್ಟು ಬಿಸಿಯಾದವು, ತೆಗೆದುಹಾಕಿದೆ. ಮಿಕ್ಕವನ್ನು ಮೂರು ವಾರ ಮುಟ್ಟದೆ ಇಟ್ಟೆ. ಇದು ಎಲ್ಲಕ್ಕಿಂತ ಕಷ್ಟದ ಪರೀಕ್ಷೆ, ಯಾಕೆಂದರೆ ಏನೂ ಮಾಡದೆ ಕೂರಬೇಕು. ಮೂರು ವಾರದ ಮೇಲೆ ನೋಡಿದರೆ ಒಂಬತ್ತು ಸೆಲ್ಲು ತಾವಾಗಿಯೇ 4.1ಕ್ಕಿಂತ ಕೆಳಗೆ ಜಾರಿದ್ದವು. ಕೆಲಸ ಕೊಡದೆಯೂ ಸೋರುವ ಸೆಲ್ಲು, ಕೆಲಸ ಮಾಡದೆ ಸಂಬಳ ಕೇಳುವ ಆಳಿನ ಹಾಗೆ. ಅವಕ್ಕೂ ಗೆರೆ ಎಳೆದೆ.

ಉಳಿದದ್ದು 62. ಒಂದೊಂದನ್ನೂ 3 ವೋಲ್ಟಿನ ತನಕ ಖಾಲಿ ಮಾಡಿಸಿ ಎಷ್ಟು ಕೊಟ್ಟಿತು ಎಂದು ಅಳೆಯುವ ಪುಟ್ಟ ಟೆಸ್ಟರ್ ಸಿಗುತ್ತದೆ. ಹೊಸತರಲ್ಲಿ ಅವು 2200 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ; ಸಾವಿರ ಸೇರಿದರೆ ಒಂದು ಆಂಪ್-ಅವರ್) ಕೊಡುತ್ತಿದ್ದ ಸೆಲ್ಲುಗಳು. 1700ಕ್ಕಿಂತ ಕಡಿಮೆ ಕೊಟ್ಟ 21 ಸೆಲ್ಲನ್ನು ಒಂಟಿ ಸೆಲ್ಲಿನ ಟಾರ್ಚಿಗೆ ಇಟ್ಟೆ. ಪ್ಯಾಕಿಗೆ ಲಾಯಕ್ಕಾದದ್ದು 41. ಅವನ್ನು ಜೋಡಿಸುವಾಗ ಪ್ರತಿ ಗುಂಪಿನ ಒಟ್ಟು ಮೊತ್ತ ಹೆಚ್ಚುಕಮ್ಮಿ ಒಂದೇ ಬರುವಂತೆ ಕೂಡಿಸಿ ಕಳೆದು ಹಂಚಿದೆ. ಮೇಸ್ತ್ರಿಗಳು ಗ್ಯಾಂಗ್ ಮಾಡುವಾಗ ಗಟ್ಟಿ ಆಳುಗಳನ್ನೆಲ್ಲ ಒಂದೇ ಕಡೆ ಹಾಕುವುದಿಲ್ಲವಲ್ಲ, ಹಾಗೆ.

ಹೊಸ ಸೆಲ್ಲೇ ತಂದರಾಯಿತು ಎನ್ನುವವರಿಗೆ ಒಂದು ಮಾತು. ಆನ್‌ಲೈನಿನಲ್ಲಿ 9900 ಎಂಎಎಚ್ ಎಂದು ಬರೆದ ಸೆಲ್ಲು ಸಿಗುತ್ತದೆ. 18650 ಎಂಬ ಈ ಅಳತೆಯ, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಸೆಲ್ಲಿನಲ್ಲಿ ಒಳ್ಳೆಯ ಕಂಪನಿಗಳಿಗೇ 3500ರ ಆಸುಪಾಸು ದಾಟುವುದು ಕಷ್ಟ. ನಾಲ್ಕು ತರಿಸಿ ಏಲಕ್ಕಿ ತೂಗುವ ತಕ್ಕಡಿಯಲ್ಲಿಟ್ಟೆ. ಅಸಲಿ ಸೆಲ್ಲು ಸುಮಾರು 45 ಗ್ರಾಂ, ಇವು 30ನ್ನೂ ಮುಟ್ಟಲಿಲ್ಲ. ಟೆಸ್ಟರ್‌ಗೆ ಹಾಕಿದರೆ 800.

ಕಟ್ಟುವ ವಿಧಾನವನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಜಾಗ ಸಾಲದು. ಆದರೆ ಒಂದು ವಿಷಯ ಹುಡುಗರಿಗೆ ಹೇಳಲೇಬೇಕು. ಸೆಲ್ಲಿನ ಇಡೀ ಡಬ್ಬಿಯೇ ನೆಗೆಟಿವ್. ಪಾಸಿಟಿವ್ ತುದಿಯ ಗುಂಡಿಯ ಸುತ್ತ ಕಾಣುವ ಅಂಚೂ ನೆಗೆಟಿವ್ವೇ. ನಡುವೆ ಇರುವುದು ಒಂದು ತೆಳು ಪ್ಲಾಸ್ಟಿಕ್ ಸಿಪ್ಪೆ. ಅಲ್ಲಿ ಕಾಗದದ ಬಳೆ ಇಡದೆ, ಸೆಲ್ಲುಗಳನ್ನು ಜೋಡಿಸುವ ನಿಕ್ಕಲ್ ಪಟ್ಟಿ ಎಳೆದರೆ, ಸ್ಪ್ರೇಯರ್ ಕುಲುಕಿ ಕುಲುಕಿ ಸಿಪ್ಪೆ ಸವೆದ ದಿನ ಮುಗಿಯಿತು. ಸೋಲ್ಡರಿಂಗ್ ಐರನ್ ನೇರವಾಗಿ ಸೆಲ್ಲಿಗೆ ಒತ್ತುವುದೂ ಬೇಡ, ಆ ಶಾಖ ಒಳಗಿನದನ್ನು ಕೆಡಿಸುತ್ತದೆ. ಪಟ್ಟಿಯನ್ನು ಕ್ಷಣದಲ್ಲಿ ಬೆಸೆಯುವ ಸ್ಪಾಟ್ ವೆಲ್ಡ್ ಮಾಡಿಸಿ.

ಬಿಎಂಎಸ್ ಈಗ ಹಾಕುತ್ತೇನೆ. ಆದರೆ ಬಿಎಂಎಸ್ ಇದೆಯಲ್ಲ ಎಂದು ಯಾವುದೋ ಚಾರ್ಜರ್ ಚುಚ್ಚುವವರೂ ಇದ್ದಾರೆ. ಅದು ಕೆರೆಯ ಕೋಡಿ ಇದ್ದ ಹಾಗೆ. ಕೋಡಿ ಇದೆ ಎಂದು ಕೆರೆಗೆ ನೀರು ತುಂಬುವ ಕಾಲುವೆಯನ್ನು ಮುಚ್ಚದೆ ಬಿಡುತ್ತೇವೆಯೇ? ನಿಲ್ಲಿಸುವ ಕೆಲಸ ಚಾರ್ಜರಿನದು. ಸರಿಯಾದ ಲಿಥಿಯಂ ಚಾರ್ಜರ್ ಮೊದಲು ಒಂದೇ ಸಮ ಕರೆಂಟ್ ಕೊಡುತ್ತದೆ. 12.6 ಮುಟ್ಟಿದ ಮೇಲೆ ವೋಲ್ಟನ್ನು ಅಲ್ಲೇ ಹಿಡಿದು ಕರೆಂಟನ್ನು ಇಳಿಸುತ್ತಾ ಬಂದು ನಿಲ್ಲಿಸುತ್ತದೆ. ಹೊಸ ಪ್ಯಾಕಿನ ಮೊದಲ ಚಾರ್ಜಿಗೆ ನಾನು ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂರುತ್ತೇನೆ. ನನ್ನದು ಏಳೂವರೆ ಆಂಪ್-ಅವರ್ ಪ್ಯಾಕು, 2 ಆಂಪಿನ ಚಾರ್ಜರು. ನಾಲ್ಕು ಗಂಟೆ ದಾಟುತ್ತದೆ. ಅರ್ಧ ಗಂಟೆಗೊಮ್ಮೆ ಮೂರು ಗುಂಪನ್ನೂ ಬೇರೆಬೇರೆಯಾಗಿ ಅಳೆದು ಬರೆಯುತ್ತೇನೆ. ಒಂದು ಗುಂಪು ಮುಂದೆ ಓಡುತ್ತಿದ್ದರೆ ಅಥವಾ ಕೊನೆಯಲ್ಲಿ ಕರೆಂಟ್ ಇಳಿಯದೆ ಒಂದೇ ಕಡೆ ನಿಂತರೆ ಅಲ್ಲಿಗೇ ನಿಲ್ಲಿಸಿ ಬಿಚ್ಚುತ್ತೇನೆ.

ಆಮೇಲೆ ದುಡಿಸಿ ನೋಡುವುದು. ನನ್ನ ಹಳೆ ಜೀಪಿನ ಹೆಡ್‌ಲೈಟ್ ಬಲ್ಬು 55 ವಾಟ್, ನಾಲ್ಕೂವರೆ ಆಂಪಿನ ಹತ್ತಿರ ಎಳೆಯುತ್ತದೆ. ಪ್ಯಾಕಿಗೆ ಅದನ್ನು ಸಿಕ್ಕಿಸಿ ಗಡಿಯಾರ ನೋಡುತ್ತೇನೆ. ಬಲ್ಬು ಹಚ್ಚುವ ಮುಂಚೆ 12.3 ಇದ್ದದ್ದು ಹಚ್ಚಿದ ಕೂಡಲೇ 11.7ಕ್ಕೆ ಇಳಿದರೆ ಪರವಾಗಿಲ್ಲ. 10.5ಕ್ಕೆ ಕುಸಿದರೆ ಎಲ್ಲೋ ಬೆಸುಗೆ ಸರಿಯಿಲ್ಲ, ಇಲ್ಲವೇ ಮುದಿ ಸೆಲ್ಲು ಸೇರಿಕೊಂಡಿದೆ. ಎರಡನೇ ಪ್ಯಾಕು 1 ಗಂಟೆ 42 ನಿಮಿಷ ಉರಿಸಿತು, ಚೆಕ್‌ರೋಲಿನ ಲೆಕ್ಕಕ್ಕೆ ಸರಿಯಾಗಿ. ಆವತ್ತು ಹೆಂಡತಿ ಹಗಲು ಹೊತ್ತಿನಲ್ಲಿ ಜೀಪಿನ ಲೈಟು ಹಚ್ಚಿಕೊಂಡು ಕೂತವನನ್ನು ನೋಡಿ ಏನಂದಳು ಎಂದು ಪತ್ರಿಕೆಗೆ ಬರೆಯಲಾರೆ.

ಇಷ್ಟೆಲ್ಲ ಮಾಡಿದರೂ ನಮ್ಮ ಮಲೆನಾಡಿನದೇ ಒಂದು ತೊಂದರೆ ಇದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇರುವುದಿಲ್ಲ. ಜನ ಎಲ್ಲವನ್ನೂ ಪ್ಲಗ್ಗಿಗೆ ಸಿಕ್ಕಿಸಿ, ಸ್ವಿಚ್ ಹಾಕಿಟ್ಟು ಮಲಗುತ್ತಾರೆ. ಕರೆಂಟ್ ಬರುವುದು ನಡುರಾತ್ರಿ ಎರಡಕ್ಕೆ. ಬ್ಯಾಟರಿ ಬಿಸಿಯಾಗುವ ಹೊತ್ತಿಗೆ ಊರೆಲ್ಲ ನಿದ್ದೆ. ಚಾರ್ಜಿಗಿಟ್ಟ ಜಾಗವೋ, ಒಲೆಯ ಪಕ್ಕದ ಸೌದೆ ಮೂಲೆ ಅಥವಾ ಚೀಲ ಒಟ್ಟಿದ ಸ್ಟೋರು. ದಯವಿಟ್ಟು ಸ್ವಿಚ್ ಆರಿಸಿ ಮಲಗಿ. ಔಷಧಿ ಹೊಡೆಯುವುದು ಒಂದು ದಿನ ತಡವಾದರೆ ಗಂಟು ಹೋಗುವುದಿಲ್ಲ.

ಬೆಂಕಿ ಬಿದ್ದರೆ ಮರಳು ಹಾಕಿ ಎಂದು ಎಲ್ಲರೂ ಹೇಳುತ್ತಾರೆ. ಈ ಸೆಲ್ಲು ಉರಿಯುವಾಗ ಒಳಗಿನಿಂದಲೇ ಆಮ್ಲಜನಕ ಬಿಡುತ್ತದೆ, ಮುಚ್ಚಿದರೆ ಆರುವುದಿಲ್ಲ. ಪಕ್ಕದ ಸೆಲ್ಲಿಗೆ ಶಾಖ ದಾಟದಂತೆ ತಣಿಸಬೇಕು, ಅದಕ್ಕೆ ಬೇಕಾದದ್ದು ನೀರು, ಬಹಳ ನೀರು. ಮೊದಲು ಮೇನ್ ಆಫ್ ಮಾಡಿ. ಹೊಗೆ ವಿಷ, ಒಳಗೆ ನಿಂತು ಹೋರಾಡಬೇಡಿ.

ಸ್ಕೂಟರುಗಳು ಹೊತ್ತಿ ಉರಿದ ಮೇಲೆ 2022ರಲ್ಲಿ ಸರ್ಕಾರ ವಾಹನದ ಬ್ಯಾಟರಿಗಳ ಎಐಎಸ್-156 ನಿಯಮವನ್ನು ಬಿಗಿ ಮಾಡಿತು. ಜಗಲಿಯಲ್ಲಿ ಕಟ್ಟುವ ಪ್ಯಾಕಿಗೆ ಅಂಥ ನಿಯಮ ತರುವುದು ಆಗುವ ಮಾತಲ್ಲ, ತಂದರೂ ಯಾರು ಕೇಳುತ್ತಾರೆ. ನಾನು ಕೇಳುವುದು ಸಣ್ಣದು. ಮಣ್ಣು ತೆಗೆದುಕೊಂಡು ಹೋಗಿ ಕೊಟ್ಟರೆ ಪರೀಕ್ಷೆ ಮಾಡಿ ಸುಣ್ಣ ಎಷ್ಟು ಹಾಕಬೇಕೆಂದು ಚೀಟಿ ಬರೆದುಕೊಡುವ ವ್ಯವಸ್ಥೆ ನಮ್ಮಲ್ಲಿ ಎಷ್ಟೋ ಕಾಲದಿಂದ ಇದೆ. ಹಾಗೆಯೇ ಜಿಲ್ಲೆಯ ಯಾವುದಾದರೂ ಐಟಿಐ, ಇಲ್ಲವೇ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರ, ತಿಂಗಳಿಗೊಂದು ಸಂತೆಯ ದಿನ ಒಂದು ಮೇಜು ಹಾಕಲಿ. ಒಂದು ಮೀಟರ್, ಒಂದು ಟೆಸ್ಟರ್, ಒಂದು ಹೆಡ್‌ಲೈಟ್ ಬಲ್ಬು ಸಾಕು. ಪ್ಯಾಕು ಮತ್ತು ಚಾರ್ಜರ್ ಎರಡನ್ನೂ ತರಲು ಹೇಳಿ, ಜೋಡಿ ಸರಿಯಿದ್ದರೆ ಎರಡಕ್ಕೂ ಒಂದೇ ಬಣ್ಣದ ಟೇಪ್ ಸುತ್ತಿ ಕಳಿಸಲಿ. ಓದು ಬಾರದ ಆಳಿಗೂ ಬಣ್ಣ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಸೀಸಕ್ಕೆ ಕಪ್ಪು, ಲಿಥಿಯಂಗೆ ಹಳದಿ. ಮೂರು ವರ್ಷದಿಂದ ತಪ್ಪಾಗಿಲ್ಲ.

ಕೊನೆಗೆ ಗ್ರಾಮ ಪಂಚಾಯಿತಿಗೆ ಒಂದು ಪ್ರಶ್ನೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆ ಬ್ಯಾಟರಿಯನ್ನು ಬೇರೆ ಕಸದ ಜೊತೆ ಸೇರಿಸದೆ, ಅದನ್ನು ಸಂಗ್ರಹಿಸುವವರಿಗೋ ಮರುಬಳಕೆ ಮಾಡುವವರಿಗೋ ಕೊಡಬೇಕಾದದ್ದು ನನ್ನ ಕರ್ತವ್ಯ. ಸರಿ. ಕಸದ ಗಾಡಿಯ ಹುಡುಗನನ್ನು ಕೇಳಿದರೆ ‘ಒಣ ಕಸಕ್ಕೆ ಹಾಕಿ’ ಅನ್ನುತ್ತಾನೆ. ಗುಜರಿಯವನು ಸೀಸವಾದರೆ ಕೊಡಿ, ಇದು ಬೇಡ ಅನ್ನುತ್ತಾನೆ. ಗೆರೆ ಎಳೆದ 34 ಸೆಲ್ಲು ಎರಡೂ ತುದಿಗೆ ಟೇಪ್ ಹಚ್ಚಿಸಿಕೊಂಡು, ಮನೆಯಿಂದ ದೂರ, ಹಳೆ ಪಂಪ್‌ಹೌಸಿನ ಸಿಮೆಂಟ್ ಕಟ್ಟೆಯ ಮೇಲೆ ಒಂದು ಮಣ್ಣಿನ ಕುಂಡದಲ್ಲಿ ಕೂತಿವೆ. ಎಲ್ಲಿಗೆ ಒಪ್ಪಿಸಬೇಕು ಎಂದು ಯಾರಾದರೂ ನಿಮ್ಮ ಪತ್ರಿಕೆಯಲ್ಲೇ ತಿಳಿಸಿದರೆ ಚಿಕ್ಕಮಗಳೂರಾದರೂ ಸರಿ, ಹಾಸನವಾದರೂ ಸರಿ, ನಾನೇ ತಂದುಕೊಡುತ್ತೇನೆ. ಬಸ್ಸಿನಲ್ಲಿ ತರುವುದಿಲ್ಲ, ಜೀಪಿನಲ್ಲಿ ತರುತ್ತೇನೆ.

ಇತಿ,
ಒಬ್ಬ ನಿವೃತ್ತ ಎಸ್ಟೇಟ್ ರೈಟರ್
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ