ಕೆಂಪಗಿದ್ದರೆ ಸಾಕೇ ಗರಸು?

ಮಾನ್ಯರೇ,

ಕರಾವಳಿ, ಮಲೆನಾಡಿನ ಹಳ್ಳಿ ರಸ್ತೆಗಳಿಗೆ ಕೆಂಪಗಿದ್ದದ್ದನ್ನೆಲ್ಲ ಗರಸೆಂದು (ಹರಳು ಬೆರೆತ ಮಣ್ಣು) ಸುರಿಯುವುದುಂಟು. ಮುರಕಲ್ಲಿನ (ಜಂಬಿಟ್ಟಿಗೆ) ಗರಸಿನಲ್ಲಿ ಕಬ್ಬಿಣದ ಆಕ್ಸೈಡ್ ಹೆಚ್ಚಿದ್ದರೆ ಹರಳು ಗಟ್ಟಿ, ತೂಕವೂ ಜಾಸ್ತಿ. ಜೇಡಿ ಹೆಚ್ಚಿದ್ದರೆ ರೋಲರ್ ಕೆಳಗೇ ಪುಡಿ. ಆದ್ದರಿಂದ ಹರಳಿನ ಗಾತ್ರ ನೋಡುವ ಜರಡಿ ಪರೀಕ್ಷೆ ಲಾರಿಯ ಮಾಲಿಗಷ್ಟೇ ಅಲ್ಲ, ರೋಲರ್ ಓಡಿದ ಮೇಲೂ ಆಗಬೇಕು. ರಸ್ತೆಯ ತಳಪದರಕ್ಕಾದರೆ, 425 ಮೈಕ್ರಾನ್ ಜರಡಿ ದಾಟಿದ ಪುಡಿಯ ದ್ರವ ಮಿತಿ (ಮಣ್ಣು ಹರಿಯುವಷ್ಟು ಮೆತ್ತಗಾಗುವ ನೀರಿನ ಪ್ರಮಾಣ) ಶೇ 25, ಪ್ಲಾಸ್ಟಿಸಿಟಿ ಸೂಚ್ಯಂಕ (ಮಣ್ಣು ಕಣಕದಂತೆ ಮಿದುವಾಗಿರುವ ನೀರಿನ ವ್ಯಾಪ್ತಿ) 6 ಮೀರಬಾರದು. ಮೀರಿದರೆ ಮಳೆಗಾಲದಲ್ಲಿ ಕೆಸರು (ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವುದೂ ಅದೇ!). ಇನ್ನೊಂದು ಎಡವಟ್ಟು: ಮಾದರಿಯನ್ನು ಓವನ್‌ನಲ್ಲಿ 105 ಡಿಗ್ರಿಗೆ ಒಣಗಿಸಿದರೆ ಜೇಡಿಯ ಕಣಗಳು ಗಂಟುಕಟ್ಟಿ, ಸೂಚ್ಯಂಕ ಇರುವುದಕ್ಕಿಂತ ಕಡಿಮೆ ಬರಬಹುದು. ಗಾಳಿಗೆ ಆರಿಸಿಯೇ ಪರೀಕ್ಷಿಸಲಿ; ಸಿಬಿಆರ್ (ಪದರದ ಭಾರ ಹೊರುವ ಬಲದ ಅಳತೆ) ಅಳೆಯುವ ಮುನ್ನ 4 ದಿನ ನೀರಲ್ಲಿ ನೆನೆಸಲಿ.

– ಸಿವಿಲ್ ಎಂಜಿನಿಯರ್, ಶಿರಸಿ